ಹಾಯಿ ಎತ್ತಿದ ಸುಗುಣಕ್ಕ

ಸುಗುಣಕ್ಕ ಏನನ್ನು ಕೊಡುವುದಿದ್ದರೂ ಎಡಗೈಯಲ್ಲೇ ಕೊಡುತ್ತಿದ್ದರು. ನಮ್ಮ ಕಡೆ ಎಡಗೈಯಲ್ಲಿ ನೀರು ಕೊಟ್ಟರೆ ಬಾಯಾರಿದವರೂ ಒಂದು ಕ್ಷಣ ತಡೆದು ತೆಗೆದುಕೊಳ್ಳುತ್ತಾರೆ. ಅಂಥ ಊರಿನಲ್ಲಿ ಅವರು ಬೇಲಿಯ ಮೇಲಿನಿಂದ ಬಸಳೆಯ ಕಟ್ಟನ್ನು ಎಡಗೈಯಲ್ಲಿ ನೀಡುತ್ತಿದ್ದರು. ಬಸ್ಸಿನ ಕಂಡಕ್ಟರನಿಗೆ ಚಿಲ್ಲರೆಯನ್ನೂ, ಮನೆಗೆ ಬಂದ ನೆಂಟರಿಗೆ ಚಹಾವನ್ನೂ ಹಾಗೆಯೇ. ಒಂದು ಶುಕ್ರವಾರ ನಮ್ಮ ಅತ್ತೆಗೆ ಒಂದು ಚೆಂಡು ಮಲ್ಲಿಗೆಯನ್ನೂ ಎಡಗೈಯಲ್ಲೇ ಕೊಟ್ಟುಬಿಟ್ಟರು. ಅತ್ತೆ ಹೂವನ್ನು ತೆಗೆದುಕೊಂಡರು. ಆದರೆ ಮುಡಿಯಲೂ ಇಲ್ಲ, ದೇವರಿಗೆ ಇಡಲೂ ಇಲ್ಲ. ಸಂಜೆಯವರೆಗೆ ಅದು ಕಿಟಕಿಯ ದಂಡೆಯ ಮೇಲೆ ಬಾಡಿತು.

"ಗಲ್ಫಿನಲ್ಲಿ ಹದಿನಾಲ್ಕು ವರ್ಷ ಇದ್ದವಳಿಗೆ ಎಡ ಯಾವುದು, ಬಲ ಯಾವುದು ಅಂತ ಮರೆತುಹೋಗಿದೆ," ಎಂದರು ಅತ್ತೆ.

ನನಗೆ ಹಾಗನ್ನಿಸಲಿಲ್ಲ. ಸುಗುಣಕ್ಕ ಬರೆಯುವುದು ಬಲಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ, ಯಾರಾದರೂ ಕೊಟ್ಟದ್ದನ್ನು ತೆಗೆದುಕೊಳ್ಳುವುದೂ ಬಲಗೈಯಲ್ಲಿ. ಕೊಡುವಾಗ, ಎತ್ತುವಾಗ, ಎಳೆಯುವಾಗ ಮಾತ್ರ ಎಡಗೈ ಮುಂದೆ ಬರುತ್ತಿತ್ತು. ಆಗ ಅವರ ಹುಬ್ಬುಗಳ ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮೂಡಿ ಮಾಯವಾಗುತ್ತಿತ್ತು. ಮರೆತವರ ಮುಖದಲ್ಲಿ ಅಂಥ ಗೆರೆ ಇರುವುದಿಲ್ಲ.

ಅವರು ಬಹರೈನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಎಂಬತ್ತರ ದಶಕದ ಆರಂಭದಲ್ಲಿ ಕೆಲಸ ಬಿಟ್ಟು ಬಂದು, ದೇರೆಬೈಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ತಮ್ಮ ಸದಾನಂದಣ್ಣನ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ವಯಸ್ಸು ನಲವತ್ತೈದರ ಆಸುಪಾಸು. ಸೀರೆಯ ಎದೆಯ ಮೇಲೆ ತಲೆಕೆಳಗಾಗಿ ತೂಗುವ ನರ್ಸಿನ ಗಡಿಯಾರ ಈಗಲೂ ಇತ್ತು. ಕುರ್ಚಿಯಲ್ಲಿ ಕೂತರೆ ಬೆನ್ನು ಒರಗಿಸುತ್ತಿರಲಿಲ್ಲ. ಸದಾನಂದಣ್ಣನಿಗೆ ಕದ್ರಿಯ ಹತ್ತಿರ ಹೋಟೆಲು, ಮದುವೆಯ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳು. "ಅಕ್ಕನಿಗೆ ಅಲ್ಲಿಯ ಬಿಸಿಲು ಆಗಿಬರಲಿಲ್ಲ," ಎಂದು ಅವರು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು.

ಸುಗುಣಕ್ಕನ ಒಂದು ಮಾತು ನಮ್ಮ ಓಣಿಗೆಲ್ಲ ಗೊತ್ತಿತ್ತು. ಯಾರಾದರೂ "ಅದು ಆಗುದಿಲ್ಲ," ಅಂದರೆ ಸಾಕು, "ಆಗುದಿಲ್ಲ ಅಂತ ಹೇಳಿದ್ದು ಯಾರು? ಹೆಸರು ಹೇಳಿ," ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ರೋಗಿಯ ಹೆಸರು ಕೇಳಿದ ಹಾಗೆ. ಗ್ಯಾಸಿನ ಅಂಗಡಿಯವನಿಗೆ ಕೇಳಿದರು, ಪೋಸ್ಟಾಫೀಸಿನಲ್ಲಿ ಕೇಳಿದರು. ಹೆಚ್ಚಿನವರು ಹೆಸರು ಹೇಳಲಾಗದೆ ಕೆಲಸ ಮಾಡಿಕೊಟ್ಟರು.

ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗಿ, ನಮ್ಮವರು ಪಣಂಬೂರಿನ ಬಂದರಿನ ಕೆಲಸಕ್ಕೆ ಹೊರಟ ಮೇಲೆ, ಸುಗುಣಕ್ಕ ನಮ್ಮ ಬಾವಿಗೆ ಬರುತ್ತಿದ್ದರು. ಅವರ ಮನೆಯಲ್ಲಿ ಪಂಪು ಇತ್ತು, ನಲ್ಲಿ ಇತ್ತು. ಆದರೂ ನಮ್ಮ ಹಿತ್ತಿಲಿನ ಬಾವಿಯ ರಾಟೆಗೆ ಹಗ್ಗ ಹಾಕಿ, ಕೊಡಪಾನ ಕೊಡಪಾನ ನೀರು ಸೇದಿ ನನ್ನ ತೆಂಗಿನ ಬುಡಗಳಿಗೆ ಹೊಯ್ಯುತ್ತಿದ್ದರು. ಮೊದಲ ವಾರ ಮೂರು ಕೊಡಪಾನ. ಒಂದೊಂದಕ್ಕೂ ನಡುವೆ ಬಾವಿಕಟ್ಟೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ತಿಂಗಳು ಕಳೆಯುವಾಗ ಹನ್ನೆರಡು. ನನ್ನ ಮೇಲಿನ ಪ್ರೀತಿಯಿಂದ ನೀರು ಹಾಕುತ್ತಾರೆಂದು ನಾನು ಭಾವಿಸಿ, ಅವರಿಗೆಂದು ನೀರುದೋಸೆ ಎತ್ತಿಡುತ್ತಿದ್ದೆ. ದೋಸೆ ತಿನ್ನುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ.

ಒಂದು ರಾತ್ರಿ ಊಟದ ಹೊತ್ತಿಗೆ ನಮ್ಮವರು ಒಂದು ಸುದ್ದಿ ಹೇಳಿದರು. ಬಂದರಿನ ಕೆಲಸಕ್ಕೆ ಬಂದಿದ್ದ ವಿದೇಶಿ ಇಂಜಿನಿಯರನೊಬ್ಬ ಊರಿಗೆ ಮರಳುವಾಗ ಗೆಸ್ಟ್‌ಹೌಸಿನ ಹಿಂದೆ ಏನೋ ಉದ್ದದ ಹಲಗೆಯೊಂದನ್ನು ಬಿಟ್ಟುಹೋಗಿದ್ದಾನಂತೆ. "ದೋಣಿಯೂ ಅಲ್ಲ, ಬಾಗಿಲೂ ಅಲ್ಲ. ಅದರ ಮೇಲೆ ಕಂಬ ನೆಟ್ಟು, ಬಟ್ಟೆ ಕಟ್ಟಿ, ನಿಂತುಕೊಂಡೇ ಕಡಲಿನಲ್ಲಿ ಹೋಗುತ್ತಿದ್ದ. ಈಗ ವಾಚ್‌ಮನ್ನಿನ ಹೆಂಡತಿ ಅದರ ಮೇಲೆ ಬಂಗುಡೆ ಒಣಗಿಸುತ್ತಾಳೆ."

ಮರುದಿನ ಬಾವಿಕಟ್ಟೆಯಲ್ಲಿ ತಮಾಷೆಯೆಂದು ನಾನು ಇದನ್ನು ಹೇಳಿದೆ. ಸುಗುಣಕ್ಕನ ಕೈಯಿಂದ ಹಗ್ಗ ಜಾರಿ ಕೊಡಪಾನ ಬಾವಿಯ ತಳಕ್ಕೆ ಹೋಗಿ ಬಿತ್ತು.

"ಹಲಗೆ ಉಂಟಾ? ಹಾಯಿ ಉಂಟಾ?" ಎಂದು ಕೇಳಿದರು.

"ಹಾಯಿಯೋ ಎಂತದೋ, ಕೆಂಪು ಹಳದಿ ಬಟ್ಟೆಯಂತೆ. ಇಲಿ ತಿಂದಿದೆಯಂತೆ."

"ಇಲಿ ಎಷ್ಟು ತಿಂದಿದೆ, ನೋಡುವ. ನಡಿ ಶಶೀ, ಸೀರೆ ಬದಲಿಸು."

ಆ ಮಧ್ಯಾಹ್ನವೇ ಬಸ್ಸು ಹಿಡಿದು ಪಣಂಬೂರಿಗೆ ಹೋದೆವು. ಹನ್ನೆರಡು ಅಡಿ ಉದ್ದದ ಹಲಗೆ, ಬೆಳ್ಳಗಿದ್ದದ್ದು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಮೇಲೆಲ್ಲ ಮೀನಿನ ಹುರುಪೆ. ಸುಗುಣಕ್ಕ ವಾಚ್‌ಮನ್ನಿನ ಹೆಂಡತಿಯ ಬಂಗುಡೆಗಳನ್ನು ಒಂದೊಂದಾಗಿ ಚಾಪೆಗೆ ದಾಟಿಸಿ, ಹಲಗೆಯನ್ನು ಮಗುಚಿ, ಅದರ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಕಿವಿಯಿಟ್ಟು ಕೇಳಿದರು. "ಒಳಗೆ ನೀರು ಹೋಗಿಲ್ಲ," ಎಂದರು. ಕಂಬಕ್ಕೆ ಬಿರುಕು ಬಿಟ್ಟಿತ್ತು. ಹಾಯಿಯ ಎರಡೂ ಬದಿಗೆ ಬರುವ, ನಿಂತು ಹಿಡಿದುಕೊಳ್ಳುವ, ಮೀನಿನ ಆಕಾರದ ಆಳುದ್ದದ ಮರದ ಹಿಡಿ ಗಟ್ಟಿಯಾಗಿತ್ತು. ಹಲಗೆಯ ನಡುವಿನ ಸೀಳಿನಿಂದ ನೀರಿಗಿಳಿಯಬೇಕಾದ ಅಡ್ಡಪಟ್ಟಿಯೇ ಇರಲಿಲ್ಲ. ಅದು ಬಹುಶಃ ಯಾರದೋ ಒಲೆ ಸೇರಿತ್ತು. ಗೆಸ್ಟ್‌ಹೌಸಿನವರಿಗೆ ಜಾಗ ಖಾಲಿಯಾದರೆ ಸಾಕಿತ್ತು. ಸಂಜೆ ಎಳನೀರಿನ ಟೆಂಪೋದ ಮೇಲೆ ಹಲಗೆ ನಮ್ಮ ಓಣಿಗೆ ಬಂದಾಗ, ಶವದ ಪೆಟ್ಟಿಗೆಯೋ ಎಂದು ಎದುರುಮನೆಯವರು ಹೊರಗೆ ಬಂದು ನೋಡಿದರು.

ಅದನ್ನು ನಮ್ಮ ಗೇಟಿನ ಒಳಗೆ, ಮನೆಯ ಪಕ್ಕದ ಸಂದಿಯಲ್ಲಿ, ತೆಂಗಿನ ಗರಿಗಳ ಹಿಂದೆ ಇಟ್ಟೆವು. ತಮ್ಮನ ಮನೆಯಲ್ಲಿ ಯಾಕೆ ಇಡುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಚೆನ್ನಾಗಿ ಕಲಿಸಿದ್ದರು.

ಎರಡು ದಿನ ಬಿಟ್ಟು ಸುಗುಣಕ್ಕ ನೀಲಿ ಬಟ್ಟೆಯ ತುಂಡೊಂದನ್ನು ತಂದು, ನೀರಿಗಿಳಿಯಲು ಒಂದು ಉದ್ದ ತೋಳಿನ ಅಂಗಿ, ಒಂದು ಪೈಜಾಮ ಹೊಲಿದುಕೊಡು ಎಂದರು. ನಾನು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದೆ. ಎದೆಯ ಸುತ್ತಳತೆ ಬರೆದುಕೊಂಡು, ಎದೆಯ ಉಬ್ಬಿಗೆ ಮಡಿಸಿ ಹೊಲಿಯುವ ಟಕ್ಸ್ ಎಲ್ಲಿ ಹಾಕುವುದೆಂದು ಸೀಮೆಸುಣ್ಣದಿಂದ ಗುರುತು ಮಾಡಹೊರಟಾಗ ಅವರು ನನ್ನ ಕೈ ಹಿಡಿದರು.

"ಎಡಬದಿಗೆ ಟಕ್ಸ್ ಬೇಡ ಶಶಿ. ಅಲ್ಲಿ ಎಂತದೂ ಇಲ್ಲ."

ನನ್ನ ಕೈಯಲ್ಲಿದ್ದ ಟೇಪು ತನ್ನಷ್ಟಕ್ಕೆ ಸುರುಳಿಯಾಯಿತು. ಅವರೇ ಮಾತು ಮುಂದುವರಿಸಿದರು. ಬಹರೈನಿನಲ್ಲಿ, ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿಯೇ, ಎಡ ಮೊಲೆಯನ್ನೂ ಕಂಕುಳದವರೆಗಿನ ಮಾಂಸವನ್ನೂ ತೆಗೆದಿದ್ದರು. ಎಡಗೈ ಇನ್ನು ಭುಜದ ಮಟ್ಟಕ್ಕಿಂತ ಮೇಲೆ ಬರಲಿಕ್ಕಿಲ್ಲ, ಭಾರ ಎತ್ತಬೇಡಿ, ಮನೆಗೆ ಹೋಗಿ ಆರಾಮ ಮಾಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತಮ್ಮ ಆ ಮಾತನ್ನು ಕಾನೂನು ಮಾಡಿಕೊಂಡಿದ್ದ. ಅವನ ಹೆಂಡತಿ ಒಂದು ತಂಬಿಗೆ ನೀರು ಎತ್ತಲೂ ಬಿಡುತ್ತಿರಲಿಲ್ಲ.

"ಎರಡು ಸೆಕೆಂಡು ಬಿಟ್ಟರೆ ಈ ಕೈ ಮಡಿಲಿಗೆ ಬಂದು ಮಲಗ್ತದೆ. ಹಾಗಾಗಿ ನಾನು ಅದಕ್ಕೆ ಕೆಲಸ ಕೊಡುವುದು. ಎಲ್ಲಾ ಕೊಡುವುದು, ಎಳೆಯುವುದು ಅದರದ್ದೇ ಡ್ಯೂಟಿ. ನಿನ್ನ ಅತ್ತೆಗೆ ಬೇಜಾರಾಗಿದೆ ಅಂತ ಗೊತ್ತುಂಟು ನನಗೆ. ಆದರೆ ಅವರ ಬೇಜಾರು ನೋಡಿದರೆ ನನ್ನ ಕೈ ನೋಡಲಿಕ್ಕೆ ಆಗುದಿಲ್ಲ."

"ನಮ್ಮ ಬಾವಿ?" ಎಂದೆ.

"ನಿನ್ನ ಬಾವಿ ನನ್ನ ಜಿಮ್ಮು ಮಾರಾಯ್ತಿ. ದೋಸೆ ಮಾತ್ರ ಹೆಚ್ಚಿಗೆ ಸಿಕ್ಕಿದ್ದು."

ಆಮೇಲೆ ಕಡಲಿನ ಕಥೆ ಹೇಳಿದರು. ಶುಕ್ರವಾರ ರಜೆ. ಜೊತೆಗಿದ್ದ ಐರಿಶ್ ನರ್ಸೊಬ್ಬಳು ಸಮುದ್ರದಂಡೆಗೆ ಕರೆದುಕೊಂಡು ಹೋಗಿ, ಇಂಥದೇ ಹಲಗೆಯ ಮೇಲೆ ನಿಲ್ಲಲು ಕಲಿಸಿದಳಂತೆ. ನಾಲ್ಕು ವರ್ಷ ಪ್ರತಿ ಶುಕ್ರವಾರ. ನೀರಿನಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಎತ್ತಬೇಕು. ಎತ್ತಿದ ಕೂಡಲೇ ಗಾಳಿ ಅದರೊಳಗೆ ಬರುತ್ತದೆ. "ಆಗ ಹಲಗೆ ಕಾಲಿನಡಿಯಲ್ಲಿ ಎದ್ದು ಹೊರಡ್ತದೆ ಶಶಿ. ಪೆಟ್ರೋಲಿಲ್ಲ, ಗಂಡಸಿಲ್ಲ, ಸದ್ದಿಲ್ಲ. ವಾರ್ಡಿನಲ್ಲಿ ಆರು ದಿನ ಎಲ್ಲರೂ ಸಿಸ್ಟರ್ ಸಿಸ್ಟರ್ ಅಂತ ಕರೀತಾರೆ. ಅಲ್ಲಿ ಯಾರೂ ಕರೆಯುವುದಿಲ್ಲ. ನನಗೆ ಅದು ವಾಪಸ್ ಬೇಕು. ಅಷ್ಟೇ. ಹಾಯಿ ಒಮ್ಮೆ ಈ ಕೈಯಲ್ಲಿ ಎತ್ತಿದರೆ ನಾನು ರೋಗಿಯಲ್ಲ."

ಆ ರಾತ್ರಿ ನಾನು ಎಡಬದಿಗೆ ಟಕ್ಸ್ ಇಲ್ಲದ ಅಂಗಿಯನ್ನು ಹೊಲಿದು ಮುಗಿಸಿದೆ.

ಹಾಯಿಯ ರಿಪೇರಿಗೆ ಮೂರು ವಾರ ಹಿಡಿಯಿತು. ಸೀಮ್‌ನ ಹಿಂಬದಿ ಮುಂಬದಿಯಷ್ಟೇ ಚಂದ ಕಾಣಬೇಕೆಂದು ಹೊಲಿಗೆ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು. ಇಲಿ ತಿಂದ ಕಡೆಗೆಲ್ಲ ನಾನು ಕೊಡೆಯ ನೈಲಾನ್ ಬಟ್ಟೆಯ ತೇಪೆ ಹಾಕಿ, ಅಂಚು ಎರಡು ಸಲ ಮಡಿಚಿ ಹೊಲಿದೆ. ಕಪ್ಪು ತೇಪೆಗಳು ಒಟ್ಟು ಹದಿಮೂರು. ಅಡ್ಡಪಟ್ಟಿಯನ್ನು ಆಚಾರಿಯೊಬ್ಬರು ಹಲಸಿನ ಮರದಲ್ಲಿ ಮಾಡಿಕೊಟ್ಟರು. ಬಿರುಕುಬಿಟ್ಟ ಕಂಬಕ್ಕೆ ತಣ್ಣೀರುಬಾವಿಯ ಮೀನುಗಾರ ಬಾಬಣ್ಣ ಬಲೆಯ ದಾರ ಸುತ್ತಿ ಅಂಟು ಬಳಿದರು. ತಾವು ಸುತ್ತುತ್ತಿರುವುದು ಏನಕ್ಕೆಂದು ಕೇಳಿ ತಿಳಿದ ಮೇಲೆ ಬಾಬಣ್ಣ ದಾರದ ಉಂಡೆಯನ್ನು ಕೆಳಗಿಟ್ಟು, "ಅಕ್ಕ, ದೋಣಿ ಅಂತ ಒಂದು ಉಂಟಲ್ಲ, ಅದರಲ್ಲಿ ಕೂತುಕೊಳ್ಳಬಹುದು," ಎಂದರು.

"ಕೂತು ಕೂತು ಸಾಕಾಗಿದೆ ಬಾಬಣ್ಣ," ಎಂದರು ಸುಗುಣಕ್ಕ.

ಎಲ್ಲ ಆದ ಮೇಲೂ ಹಾಯಿ ಹಳೆಯ ಪಂಚೆಯ ಹಾಗೆ ಮೆತ್ತಗಿತ್ತು. "ಹಾಯಿ ಗರಿಗರಿ ಇರಬೇಕು, ಇಲ್ಲದಿದ್ದರೆ ಗಾಳಿ ನಿಲ್ಲುವುದಿಲ್ಲ," ಎಂದು ಸುಗುಣಕ್ಕ ಒಮ್ಮೆ ಹೇಳಿ ಮರೆತಿದ್ದರು. ನಾನು ಮರೆಯಲಿಲ್ಲ. ಶಾಲೆಯ ಚಾಪೆಲಿನ ಬಿಳಿ ಬಟ್ಟೆಗಳನ್ನು ಗಂಜಿಯಲ್ಲಿ ಅದ್ದಿ ಕಾಗದದಂತೆ ಮಾಡಿದ ಕೈ ನನ್ನದು. ಕುಚ್ಚಲಕ್ಕಿಯ ಗಂಜಿ ಕೆಂಪು ಬಣ್ಣ ಬಿಡುತ್ತದೆಂದು, ಎರಡು ಸೇರು ಬೆಳ್ತಿಗೆ ಅಕ್ಕಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಇಡೀ ಹಾಯಿಗೆ ಎರಡೂ ಬದಿ ಹಚ್ಚಿ ಬಿಸಿಲಿಗೆ ಹಾಕಿದೆ. ಸಂಜೆ ಅದನ್ನು ಬೆರಳಲ್ಲಿ ತಟ್ಟಿದರೆ ಹಪ್ಪಳದ ಸದ್ದು ಬರುತ್ತಿತ್ತು. ಸುಗುಣಕ್ಕ ನೋಡಿ, "ಹೊಸತರ ಹಾಗೆ ಮಾಡಿದ್ದೀಯಲ್ಲ. ಹೇಗೆ?" ಎಂದು ಕೇಳಿದರೆ ನಾನು ನಕ್ಕು ಒಳಗೆ ಹೋದೆ.

ಮೊದಲ ಸಲ ಕಡಲಿಗೆ ಹೋಗದೆ, ತಣ್ಣೀರುಬಾವಿಯ ಹಿಂದಿನ ಹೊಳೆಯಲ್ಲಿ ಇಳಿದದ್ದು ದೇವರ ದಯೆ. ಸುಗುಣಕ್ಕ ಹಲಗೆಯ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದಂತೆ, ನೀರಿನಲ್ಲಿ ಬಿದ್ದಿದ್ದ ಹಾಯಿಯಿಂದ ಬಿಳಿಯ ಲೋಳೆ ಬಿಡತೊಡಗಿತು. ಹಗ್ಗಕ್ಕೆ ಲೋಳೆ, ಹಿಡಿಗೆ ಲೋಳೆ, ಹಲಗೆಗೆ ಲೋಳೆ. ಅವರು ಎದ್ದು ನಿಂತರೆ ಜಾರುತ್ತಿದ್ದರು, ಹಿಡಿದರೆ ಜಾರುತ್ತಿದ್ದರು. ಸುತ್ತ ಬೆರಳುದ್ದದ ಮೀನುಗಳು ಸಾವಿರ ಬಂದು ಸೇರಿದವು. ಏಳನೆಯ ಸಲ ಬಿದ್ದು ಎದ್ದಾಗ ಸುಗುಣಕ್ಕ ಬೆರಳನ್ನು ನಾಲಿಗೆಗೆ ತಾಗಿಸಿ ನೋಡಿ, ದಡದಲ್ಲಿದ್ದ ನನ್ನ ಕಡೆಗೆ ತಿರುಗಿದರು.

"ಶಶೀ, ಇದು ಅನ್ನದ ಗಂಜಿಯಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಬಣ್ಣ ಮರಳಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಉಪ್ಪಿನಕಾಯಿ ತಂದಿಲ್ವಾ ಅಕ್ಕ?" ಎಂದು ನನ್ನನ್ನು ಕೇಳಿದರು. ಸುಗುಣಕ್ಕ ಮಾತ್ರ ಸೊಂಟದಷ್ಟು ನೀರಿನಲ್ಲಿ ನಿಂತು ಹಾಯಿಯನ್ನು ತೊಳೆದು ತೊಳೆದು, ನಾಲ್ಕು ಗಂಟೆಯ ಗಾಳಿಗೆ ಮತ್ತೆ ಹಗ್ಗ ಹಿಡಿದರು. ಅಂದು ಹಾಯಿ ಏಳಲಿಲ್ಲ. ಅದು ಗಂಜಿಯಿಂದಲ್ಲ. ನೀರು ತುಂಬಿದ ಹಾಯಿಯ ಭಾರಕ್ಕೆ ಎಡಗೈ ಅರ್ಧದಲ್ಲೇ ಸೋತು ಬಿಟ್ಟುಬಿಡುತ್ತಿತ್ತು. ಮನೆಗೆ ಬರುವಾಗ ಟೆಂಪೋದಲ್ಲಿ ನಾನು ಆ ಕೈಯನ್ನೇ ನೋಡುತ್ತಿದ್ದೆ. ಅವರು ಅದನ್ನು ಮಡಿಲಲ್ಲಿ ಇಡದೆ ಕಂಬಿಯನ್ನು ಹಿಡಿಸಿದ್ದರು.

ಹೊಳೆಯಲ್ಲಿ ಹೀಗೆ ಐದು ವಾರ. ಸುದ್ದಿ ಎಲ್ಲಿ ನಿಲ್ಲುತ್ತದೆ? ಒಂದು ಬೆಳಿಗ್ಗೆ ಸದಾನಂದಣ್ಣ ನಮ್ಮ ಜಗಲಿಗೆ ಬಂದು, ಚಪ್ಪಲಿ ಬಿಚ್ಚದೆ ನಿಂತರು. ಸುಗುಣಕ್ಕ ಹಿಡಿಗೆ ಹೊಸ ಹಗ್ಗ ಬಿಗಿಯುತ್ತಿದ್ದರು.

"ಅಕ್ಕ, ನೀನು ಸೀಕಿನವಳು," ಎಂದರು.

"ಇದ್ದೆ."

"ಜನ ಎಂತ ಹೇಳ್ತಾರೆ ಗೊತ್ತುಂಟಾ? ಸದಾನಂದನ ಅಕ್ಕ ಹೊಳೆಯಲ್ಲಿ ಬಟ್ಟೆ ಹಿಡಿದು ಕುಣೀತಾಳೆ ಅಂತ. ನಾಡಿದ್ದು ದೊಡ್ಡವಳನ್ನು ನೋಡಲಿಕ್ಕೆ ಬರ್ತಾರೆ. ನಿನ್ನ ಸೀಕಿನ ವಿಷಯ ಒಂದು ಹೊರಗೆ ಬಿದ್ದರೆ ಆ ಮಕ್ಕಳನ್ನು ಯಾರು ಕೇಳ್ತಾರೆ? ಆ ಮನೆಯ ಹೆಂಗಸರಿಗೇ ಆ ಸೀಕು ಉಂಟು ಅಂತ ಹೇಳುದಿಲ್ವಾ?"

"ಅದಕ್ಕೆ ನಾನು ಒಳಗೆ ಕೂರಬೇಕಾ?"

"ನಿನಗೆ ಎಂತಾದರೂ ಆದರೆ ನಾನು ಎಂತ ಮಾಡುದು?" ಎಂದರು ಸದಾನಂದಣ್ಣ. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ ಮನುಷ್ಯರು. ಹೆದರಿದವರು ಮಾಡುವಂತೆಯೇ, ಅಕ್ಕನ ಕೈಯಿಂದ ಆ ಮರದ ಹಿಡಿಯನ್ನು ಕಿತ್ತುಕೊಂಡು, ಸ್ಕೂಟರಿಗೆ ಅಡ್ಡಕ್ಕೆ ಕಟ್ಟಿ ಹೊರಟುಹೋದರು. ಅದು ಹೋಟೆಲಿನ ಉಗ್ರಾಣ ಸೇರಿ ಬೀಗ ಬಿದ್ದದ್ದು ಆಮೇಲೆ ತಿಳಿಯಿತು. ಹಿಡಿ ಇಲ್ಲದೆ ಹಾಯಿಯಿಲ್ಲ, ಹಾಯಿಯಿಲ್ಲದೆ ಹಲಗೆ ಮತ್ತೆ ಮೀನು ಒಣಗಿಸಲಿಕ್ಕೇ.

ಸುಗುಣಕ್ಕ ಹಗ್ಗದ ತುದಿಯನ್ನು ನೀಟಾಗಿ ಸುತ್ತಿ ಇಟ್ಟು, "ನಿನಗೆ ನಾಳೆ ಬೆಳಿಗ್ಗೆ ಕೆಲಸ ಉಂಟಾ?" ಎಂದು ಕೇಳಿದರು. "ಒಂದು ಚಹಾ ಕುಡಿದು ಬರುವ."

ಮರುದಿನ ಒಂಬತ್ತು ಗಂಟೆಗೆ, ಹೋಟೆಲು ತುಂಬಿ ಜನ ಬಾಗಿಲಲ್ಲಿ ನಿಂತಿರುವ ಹೊತ್ತಿಗೆ, ನಾವಿಬ್ಬರು ಒಳಗೆ ಹೋದೆವು. ಹೆಂಗಸರು ಕೂರುವ ಫ್ಯಾಮಿಲಿ ರೂಮಿಗೆ ಹೋಗದೆ ಸುಗುಣಕ್ಕ ನಡುವಿನ ಮೇಜನ್ನು ಹಿಡಿದರು. ಎರಡು ಚಹಾ, ಒಂದು ಪ್ಲೇಟು ಗೋಳಿಬಜೆ. ಹೆಂಗಸೊಬ್ಬರ ಜೊತೆ ಅಂಥ ಕಡೆ ಕೂತದ್ದು ನನಗೆ ಅದೇ ಮೊದಲು. ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡು, ಗೋಳಿಬಜೆಯನ್ನು ಇರುವೆಯ ಹಾಗೆ ತಿನ್ನುತ್ತಿದ್ದೆ.

ಹಣದ ಗಲ್ಲೆಯಲ್ಲಿದ್ದ ಸದಾನಂದಣ್ಣ ನೋಡಿಯೂ ನೋಡದಂತೆ ಇದ್ದರು. ಪಕ್ಕದ ಮೇಜಿನ ಒಬ್ಬ ಹಿರಿಯರು, ಪರಿಚಯದವರು, ಕೇಳಿದರು: "ಎಂತ ಸುಗುಣಾ, ಗಲ್ಫಿನಿಂದ ಬಂದೆಯಂತೆ. ಬಿಸಿಲು ಆಗಲಿಲ್ಲ ಅಂತ ಸದಾನಂದ ಹೇಳಿದ."

"ಬಿಸಿಲು ಅಲ್ಲ ಮಾವ," ಎಂದರು ಸುಗುಣಕ್ಕ, ವಾರ್ಡಿನ ಆ ತುದಿಗೆ ಕೇಳುವಂಥ ಸ್ವರದಲ್ಲಿ. "ಕ್ಯಾನ್ಸರ್. ಎಡ ಮೊಲೆ ತೆಗೆದಿದ್ದಾರೆ."

ಹಿರಿಯರು ತಟ್ಟೆಯಲ್ಲಿದ್ದ ಬನ್ಸನ್ನು ಅದರಲ್ಲಿ ಏನೋ ಬರೆದಿದೆ ಎಂಬಂತೆ ನೋಡತೊಡಗಿದರು. ನನಗೆ ಎದ್ದು ಓಡಿಹೋಗಬೇಕೆನಿಸಿತು. ಆದರೆ ಎದ್ದರೆ ಅವರು ಒಬ್ಬರೇ ಆಗುತ್ತಿದ್ದರು. ನಾನು ಇನ್ನೊಂದು ಗೋಳಿಬಜೆ ತೆಗೆದುಕೊಂಡೆ.

ಸದಾನಂದಣ್ಣ ಗಲ್ಲೆ ಬಿಟ್ಟು ಬಂದರು. ಮುಖ ಬೆವೆತಿತ್ತು. "ಅಕ್ಕ, ಮನೆಗೆ ಹೋಗು. ಕೈ ಮುಗೀತೇನೆ."

"ಚಹಾ ಮುಗಿಯಲಿಲ್ಲ. ನೀನು ಹೇಳಲಿಕ್ಕೆ ಹೆದರಿದ್ದನ್ನು ನಾನೇ ಎಲ್ಲರಿಗೂ ಹೇಳ್ತೇನೆ, ಆಗ ಮುಚ್ಚಿಡುವ ಕಷ್ಟ ನಿನಗಿಲ್ಲ. ನಾಳೆಯೂ ಬರ್ತೇನೆ. ಶನಿವಾರ ರಶ್ಶು ಹೆಚ್ಚು ಅಲ್ವಾ, ಶನಿವಾರವೂ ಬರ್ತೇನೆ. ಇಲ್ಲದಿದ್ದರೆ ಬೀಗ ತೆಗೆ."

"ಮಕ್ಕಳ ಮದುವೆ ಅಕ್ಕ..."

"ಅವರ ಸೋದರತ್ತೆ ಬದುಕಿ ಬಂದದ್ದು ಗೊತ್ತಾದರೆ ಬೇಡ ಅನ್ನುವ ಮನೆಗೆ ಆ ಮಕ್ಕಳನ್ನು ಕೊಡಬೇಡ ಸದಾ. ನಾಳೆ ಅವರಿಗೇ ಜ್ವರ ಬಂದರೆ ಆ ಮನೆಯವರು ಎಂತ ಮಾಡ್ತಾರೆ?"

ಸದಾನಂದಣ್ಣ ಟವೆಲಿನಿಂದ ಮುಖ ಒರಸಿಕೊಂಡರು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಉಗ್ರಾಣಕ್ಕೆ ಹೋದರು. ಮೈದಾ ಹಿಟ್ಟಿನ ಮೂಟೆಗಳ ಹಿಂದಿನಿಂದ ತೆಗೆದ ಹಿಡಿಗೆ ಬಿಳಿ ಧೂಳು ಹತ್ತಿತ್ತು. ಎಲ್ಲರ ತಲೆಯ ಮೇಲಿನಿಂದ ಅದನ್ನು ಎತ್ತಿ ತಂದು ಮೇಜಿಗೆ ಒರಗಿಸಿಟ್ಟರು. ಅಕ್ಕನ ಮುಖ ನೋಡಲಿಲ್ಲ. ನನ್ನನ್ನು ನೋಡಿ, "ನೀವಾದರೂ ಬುದ್ಧಿ ಹೇಳಬಾರದಾ ಶಶಿಯಕ್ಕ?" ಎಂದರು.

ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಅಂದು ಬಾಯಿ ಹೇಗೆ ಬಂತೋ ತಿಳಿಯದು. "ಹಲಗೆ ನಮ್ಮಲ್ಲಿಯೇ ಇರ್ತದೆ ಸದಾನಂದಣ್ಣ," ಎಂದೆ. "ಇನ್ನು ತೆಗೆಯುವುದಾದರೆ ನಮ್ಮ ಗೇಟು ದಾಟಿ ಬರಬೇಕಾಗ್ತದೆ."

ಹಿಡಿಯನ್ನು ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ಸುಗುಣಕ್ಕ, "ನಿನ್ನ ಗೇಟಿಗೆ ಚಿಲಕವೇ ಇಲ್ಲವಲ್ಲ ಮಾರಾಯ್ತಿ," ಎಂದು ನಗುತ್ತಲೇ ಇದ್ದರು.

ಡಿಸೆಂಬರಿನಲ್ಲಿ ಅಲೆ ತಗ್ಗಿದ ಮೇಲೆ ಅವರು ಕಡಲಿಗೇ ಇಳಿಯುತ್ತೇನೆಂದರು. ಹೊಳೆಯಲ್ಲಿ ಗಾಳಿ ಮುರಿದು ಮುರಿದು ಬರುತ್ತದೆ, ಕಡಲಲ್ಲಿ ಒಂದೇ ಸಮ ಬರುತ್ತದೆ ಎಂಬುದು ಅವರ ಲೆಕ್ಕ. ಅಷ್ಟರಲ್ಲಿ ಒಂದು ಸಂಗತಿಯನ್ನು ಕಂಡುಕೊಂಡಿದ್ದರು: ತೋಳಿನಿಂದ ಎಳೆಯಬಾರದು. ಮೊಣಕಾಲು ಮಡಿಚಿ, ತೋಳುಗಳನ್ನು ನೀಳವಾಗಿಟ್ಟು, ಇಡೀ ಮೈಯನ್ನು ಹಿಂದಕ್ಕೆ ಒರಗಿಸಿ ಕಾಯಬೇಕು. ಹಾಯಿಯ ಮೇಲಿನ ನೀರು ನಿಧಾನ ಇಳಿದುಹೋಗುತ್ತದೆ. ಆಮೇಲೆ ಒಂದು ಕೈಯ ಮುಂದೆ ಇನ್ನೊಂದು ಕೈ. "ಎರಡು ಕೈ ಸರಿ ಇರುವಾಗ ನಾನು ಮೈಗಳ್ಳಿ, ಬರೀ ತೋಳಿನಿಂದ ಎಳೀತಿದ್ದೆ. ಈಗ ಕಲಿತದ್ದು," ಎಂದರು.

ಇಳಿಯುವ ಮೊದಲು ನನ್ನಿಂದ ಒಂದು ಮಾತು ತೆಗೆದುಕೊಂಡರು. "ನಾನು ಕೈ ಬೀಸಿದರೆ ಮಾತ್ರ ಬಾಬಣ್ಣನ ದೋಣಿ ಬಿಡಿಸು. ಬೀಸದಿದ್ದರೆ ಯಾರನ್ನೂ ಬಿಡಬೇಡ. ನೀನು ಅಳ್ತೀ ಅಂತ ಗೊತ್ತುಂಟು. ಅತ್ತುಕೊಂಡೇ ನಿಲ್ಲಿಸು."

ಪಣಂಬೂರಿನ ದಂಡೆಯಲ್ಲಿ ನಾನು, ಬಾಬಣ್ಣ, ಕೆಲಸದಿಂದ ನೇರ ಬಂದಿದ್ದ ನಮ್ಮವರು. ದೂರದಲ್ಲಿ ಸ್ಕೂಟರಿನ ಪಕ್ಕ ಸದಾನಂದಣ್ಣ, ಕೈಯಲ್ಲಿ ಹೋಟೆಲಿನ ಚಹಾದ ಫ್ಲಾಸ್ಕು. ಯಾರೂ ಅವರನ್ನು ಕರೆದಿರಲಿಲ್ಲ. ಎದೆಮಟ್ಟದ ನೀರಿನವರೆಗೆ ಬಾಬಣ್ಣ ಹಲಗೆಯನ್ನು ದಾಟಿಸಿ, ಹಾಯಿಯನ್ನು ತಾವೇ ಎತ್ತಿ ಕೈಗೆ ಕೊಟ್ಟರು. ಅದನ್ನು ಸುಗುಣಕ್ಕ ಬೇಡವೆನ್ನುವಷ್ಟರಲ್ಲಿ ಗಾಳಿ ತುಂಬಿತ್ತು. ಹದಿಮೂರು ಕಪ್ಪು ತೇಪೆಗಳ ಆ ಕೆಂಪು ಹಳದಿ ಬಟ್ಟೆ ಹೊಟ್ಟೆ ಉಬ್ಬಿಸಿ ಹೊರಟೇ ಹೋಯಿತು. ನೀಲಿ ಅಂಗಿಯ ನನ್ನ ಹೊಲಿಗೆಯೂ ಅದರ ಜೊತೆ ಹೋಯಿತು.

ಬಂದರಿನ ಕಲ್ಲುಗೋಡೆಯ ಕಡೆಗೆ, ನಮ್ಮ ಕಣ್ಣಿಗೆ ಬೆರಳಿನಷ್ಟು ಚಿಕ್ಕದಾದ ಮೇಲೆ, ತಿರುಗುವಾಗ ಹಾಯಿ ಬಿತ್ತು.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಹಲಗೆಯ ಮೇಲೆ ಒಂದು ತಲೆ, ಒಂದು ಬೆನ್ನು. ಅವರು ಎದ್ದು ನಿಂತು ಹಗ್ಗ ಹಿಡಿದು ಹಿಂದಕ್ಕೆ ಒರಗಿದರು. ಹಾಯಿಯ ತುದಿ ಎದ್ದಿತು, ಬಿತ್ತು. ಮತ್ತೆ ಎದ್ದಿತು, ಬಿತ್ತು. ಮೂರನೆಯ ಸಲಕ್ಕೆ ಅವರೂ ಬಿದ್ದರು. ಬಾಬಣ್ಣ ದೋಣಿಗೆ ಹೆಗಲು ಕೊಟ್ಟರು. ಸದಾನಂದಣ್ಣ ಓಡಿಬಂದು, "ಎಂತ ನೋಡ್ತಾ ನಿಂತಿದ್ದೀರಿ, ದೋಣಿ ಬಿಡಿ," ಎಂದು ಬೊಬ್ಬೆ ಹಾಕಿದರು.

"ಬೇಡ," ಎಂದೆ. "ಅವರು ಕೈ ಬೀಸಿಲ್ಲ."

"ಮುಳುಗುವವರು ಕೈ ಬೀಸ್ತಾರಾ?"

ದೋಣಿಯ ಮುಂದೆ ಹೋಗಿ ನಿಂತು, ಎರಡೂ ಕೈಗಳನ್ನು ಅದರ ಮೂತಿಯ ಮೇಲಿಟ್ಟೆ. ಬಾಬಣ್ಣನಂಥ ಮನುಷ್ಯ ನನ್ನನ್ನು ದೋಣಿಯ ಸಮೇತ ನೂಕಬಹುದಿತ್ತು. ನೂಕಲಿಲ್ಲ. ನಮ್ಮವರು ನನ್ನ ಮುಖವನ್ನು ಹೊಸಬಳ ಮುಖ ನೋಡಿದಂತೆ ನೋಡುತ್ತಿದ್ದರು. ನಾನು ಅಳುತ್ತಿದ್ದೆ. ತೊಡೆಯವರೆಗೆ ಸೀರೆ ಒದ್ದೆಯಾಗಿತ್ತು. ಅವರಿಗೆ ಏನಾದರೂ ಆದರೆ ಈ ಕೈಗಳೇ ಕಾರಣವೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ತೆಗೆಯಲಿಲ್ಲ.

ಆ ಹಲಗೆಯ ಮೇಲೆ ಅವರು ಬಹಳ ಹೊತ್ತು ಕೂತಿದ್ದರು. ಸೋತು ಕೂತದ್ದಲ್ಲವೆಂದು ನನಗೆ ತಿಳಿದದ್ದು ಅವರು ಎದ್ದಾಗ. ಮೊಣಕಾಲು ಮಡಿಸಿದರು. ಒರಗಿದರು. ಹಾಗೆಯೇ ನಿಂತರು, ಎಳೆಯಲಿಲ್ಲ, ಬಿಡಲಿಲ್ಲ. ನೀರು ಹಾಯಿಯ ಮೇಲಿನಿಂದ ಇಳಿಯುವುದು ನಮಗೆ ಕಾಣುತ್ತಿರಲಿಲ್ಲ, ಬಿಸಿಲು ಅದರ ಮೇಲೆ ಮಿನುಗುವುದು ಕಾಣುತ್ತಿತ್ತು. ಆಮೇಲೆ ಒಂದು ಕೈ ಮುಂದೆ ಹೋಯಿತು. ಇನ್ನೊಂದು ಹೋಯಿತು. ಹಾಯಿ ನೀರಿನಿಂದ ಕಿತ್ತುಕೊಂಡು ನೆಟ್ಟಗೆ ನಿಂತಿತು.

ಬಾಬಣ್ಣ ತುಳುವಿನಲ್ಲಿ ಏನೋ ಅಂದುಕೊಂಡು ದೋಣಿಯಿಂದ ಹೆಗಲು ತೆಗೆದರು. ಸುಗುಣಕ್ಕ ದಡಕ್ಕೆ ಬಂದು ಇಳಿದಾಗ ಸದಾನಂದಣ್ಣ ಮೊಣಕಾಲು ನೀರಿಗೆ ಪ್ಯಾಂಟಿನೊಂದಿಗೇ ಹೋಗಿ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಿಡಿದರು. ಸುಗುಣಕ್ಕ ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ," ಎಂದರು.

ಆಮೇಲೆ ಮೂರು ಬೇಸಗೆ ಅವರು ಪಣಂಬೂರಿನಲ್ಲಿ ಹಾಯಿ ಎತ್ತಿದರು. ನೋಡಲು ಜನ ಸೇರುತ್ತಿದ್ದರು, ಕಡಲೆ ಮಾರುವವನು ಬರುತ್ತಿದ್ದ. ಸದಾನಂದಣ್ಣನ ಹಿರಿಯ ಮಗಳನ್ನು ನೋಡಲು ಬಂದವರು ವಿಷಯ ತಿಳಿದು ಹಿಂದೆ ಸರಿದದ್ದೂ ನಿಜ. ಆ ಹುಡುಗಿ ಬಿ.ಎಡ್. ಮುಗಿಸಿ, ಮರುವರ್ಷ ಬೇರೊಂದು ಮನೆಗೆ ಸಂತೋಷದಿಂದ ಹೋದದ್ದೂ ನಿಜ.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು. ಏನೆಂದು ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗಿತ್ತು. ಆಗಸ್ಟಿನಲ್ಲಿ ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ನಾನು ನೋಡಲು ಹೋದದ್ದು ಒಂದೇ ಸಲ. ಇನ್ನೊಂದು ಸಲ ಹೋಗುವ ಅವಕಾಶ ಸಿಗಲಿಲ್ಲ. ಮಂಚದ ಮೇಲೆ ದಿಂಬುಗಳ ನಡುವೆ ಕೂತಿದ್ದರು. ಎಲುಬುಗಳು ಎದ್ದಿದ್ದವು. ಒಂದು ವಾಕ್ಯಕ್ಕೆ ಮೂರು ಸಲ ಉಸಿರು ತೆಗೆಯುತ್ತಿದ್ದರು. ಹೊಸದಾಗಿ ಬಂದ ಎಳೆಯ ಡಾಕ್ಟರೊಬ್ಬ ಮಂಚದ ಕಾಲಬಳಿ ನಿಂತು, ಹಳೆಯ ಕಾಗದಗಳನ್ನು ನೋಡಿಕೊಂಡು ಹೊಸ ಫೈಲು ತುಂಬಿಸುತ್ತಿದ್ದ. ತಲೆ ಎತ್ತದೆ, "ಎಡಗೈ ಎತ್ತಲಿಕ್ಕೆ ಆಗುದಿಲ್ಲ ಅಲ್ವಾ ಅಮ್ಮ," ಎಂದು, ಅದನ್ನು ಬರೆಯತೊಡಗಿದ.

"ನಿಲ್ಲಿ," ಎಂದರು ಸುಗುಣಕ್ಕ.

ಅವನು ಪೆನ್ನು ನಿಲ್ಲಿಸಿದ.

"ಉಸಿರು ಎಳೆಯಲಿಕ್ಕೆ ಆಗುದಿಲ್ಲ, ಬರೆಯಿರಿ. ಊಟ ಸೇರುದಿಲ್ಲ, ಬರೆಯಿರಿ. ನಿದ್ರೆ ಇಲ್ಲ, ಅದನ್ನೂ ಬರೆಯಿರಿ. ಇದನ್ನು ಮಾತ್ರ ನೋಡಿ ಬರೆಯಿರಿ."

ಹಸಿರು ಆಸ್ಪತ್ರೆ ಅಂಗಿಯ ಸಡಿಲ ತೋಳಿನಿಂದ ಎಡಗೈ ಮೇಲೆದ್ದಿತು. ಎದೆಯ ಮಟ್ಟಕ್ಕೆ, ಭುಜದ ಮಟ್ಟಕ್ಕೆ, ಕಿವಿಯನ್ನು ದಾಟಿ ನೆಟ್ಟಗೆ. ಡಾಕ್ಟರ್ ಫೈಲಿನಿಂದ ಕೈಗೆ, ಕೈಯಿಂದ ಫೈಲಿಗೆ ನೋಡಿದ. ನಾನು ಮೊಣಕೈಗೆ ಆಧಾರ ಕೊಡಲು ಎದ್ದರೆ ಕಣ್ಣಿನಲ್ಲಿಯೇ ಕೂರಿಸಿದರು. ಅವನು ಬರೆದದ್ದನ್ನು ಹೊಡೆದುಹಾಕಿ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬೇರೆ ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚುವವರೆಗೂ ಆ ಕೈ ಮೇಲೆಯೇ ಇತ್ತು.